ನಡುಗಡಲಿನಲ್ಲಿ ಖಡಕ್ ರೊಟ್ಟಿಯ ಡಬ್ಬಿ ತೆರೆಯುವ ಬಗ್ಗೆ

ಯಾನ ವಿಭಾಗ, ಖಾಡಿ ದಂಡೆ ಕಚೇರಿ, ಠಾಣೆ

ಸಂಖ್ಯೆ: ಯಾವಿ/ಹಾಯಿ/ರೊಟ್ಟಿ/7/1984-85
ದಿನಾಂಕ: 11-2-1985

ಸುತ್ತೋಲೆ

(ದೋಣಿಯ ಸಿಬ್ಬಂದಿಯೆಲ್ಲ ಕನ್ನಡಿಗರಾದ ಕಾರಣ ಕನ್ನಡದಲ್ಲಿ ಹೊರಡಿಸಲಾಗಿದೆ. ಮರಾಠಿ ಪ್ರತಿಯನ್ನು ಡಬ್ಬಿ ಖಾಲಿಯಾದ ನಂತರ ಕಳುಹಿಸಲಾಗುವುದು.)

ವಿಷಯ: ‘ಮಲಪ್ರಭಾ’ ಹಾಯಿದೋಣಿಯಲ್ಲಿರುವ, ಅರಗಿನ ಮುದ್ರೆ ಬಿದ್ದ ಖಡಕ್ ರೊಟ್ಟಿಯ ಡಬ್ಬಿಯನ್ನು ತೆರೆಯುವುದು; ತನ್ಮೂಲಕ ಶ್ರೀ ಗುರುಪಾದಪ್ಪ ಅವರು ಉಣ್ಣುವುದು; ತದನಂತರ ಅವರ ಧರ್ಮಪತ್ನಿ ಶ್ರೀಮತಿ ಪಾರವ್ವ ಅವರು ಉಣ್ಣುವುದು — ಇವುಗಳ ಕುರಿತು.

ಉಲ್ಲೇಖ: (1) ಶ್ರೀ ಗುರುಪಾದಪ್ಪ ಅವರು ವೈರ್‌ಲೆಸ್ ಮೂಲಕ ಸಲ್ಲಿಸಿದ ಮನವಿ (ಗಾಳಿಯ ಸದ್ದಿನಿಂದಾಗಿ ಅರ್ಧ ಮಾತ್ರ ಸ್ವೀಕೃತವಾಗಿದೆ, ಉಳಿದರ್ಧವನ್ನು ಊಹಿಸಲಾಗಿದೆ).
(2) ಉಗ್ರಾಣಪಾಲಕ ಶ್ರೀ ವಿರುಪಾಕ್ಷಪ್ಪ ಅವರ ವಿವರಣೆ.

ಪ್ರಸ್ತಾವನೆ:

ಸಮುದ್ರದ ಹಿನ್ನೀರಾದ ವಾಶಿ ಖಾಡಿಯಿಂದ ಹೊರಟು ಆಫ್ರಿಕದ ತುದಿಯನ್ನು ಬಳಸಿ ಬರಬೇಕಾದ ಸದರಿ ದೋಣಿಯಲ್ಲಿ ಮೂವರಿದ್ದಾರೆ. ಮುಖ್ಯಸ್ಥರು ಶ್ರೀ ಗುರುಪಾದಪ್ಪ. ಅಡುಗೆಗೆ ಶ್ರೀ ವಸಂತಕುಮಾರ. ಉಡುಪಿ ಕಡೆಯವರು, ಮೊದಲು ಡೊಂಬಿವಲಿಯ ಹೋಟೆಲೊಂದರಲ್ಲಿದ್ದವರು. ಚುಕ್ಕಾಣಿಗೆ ಶ್ರೀ ಕುಶಲ. ಮೂವರಿಗೂ ಮಲಗಲು ಒಂದೇ ಹಲಗೆ. ಒಬ್ಬರು ಎದ್ದುಹೋದ ಬಿಸಿಯಲ್ಲೇ ಇನ್ನೊಬ್ಬರು ಒರಗುತ್ತಾರೆ. ಸ್ನಾನ ಉಪ್ಪುನೀರಿನದು. ಬೆಳಗಿನ ಲಿಂಗಪೂಜೆಗೆ ಶ್ರೀ ಗುರುಪಾದಪ್ಪ ಅವರು ತಮ್ಮ ಕುಡಿಯುವ ಪಾಲಿನಿಂದಲೇ ಒಂದಿಷ್ಟು ಸಿಹಿನೀರನ್ನು ತೆಗೆದಿಡುತ್ತಾರೆ. ಆಮೇಲೆ ಹರಿದ ಹಾಯಿ ಹೊಲಿಯುವುದು, ತಳದಲ್ಲಿ ನಿಂತ ನೀರನ್ನು ಎತ್ತಿ ಚೆಲ್ಲುವುದು, ಮೋಡ ನೋಡುತ್ತ ಕೂಡುವುದು. ಇವುಗಳಿಗೆ ವಿಭಾಗದ ಆಕ್ಷೇಪವಿಲ್ಲ. ಮೋಡ ನೋಡುವುದಕ್ಕೆ ಇನ್ನೂ ನಿಯಮಗಳನ್ನು ರಚಿಸಿಲ್ಲ.

ಪ್ರಶ್ನೆ ಊಟದ್ದು. ವರ್ತಕ ನಗರದ ನಿವಾಸಿ ಶ್ರೀಮತಿ ಪಾರವ್ವ ಅವರು ಗಂಡ ಉಣ್ಣುವ ಮೊದಲು ತಾವು ತುತ್ತು ಮುಟ್ಟದವರು. ದೋಣಿ ಹೊರಟಂದಿನಿಂದ ಪ್ರತಿ ಸಂಜೆ ಬುತ್ತಿಗಂಟಿನೊಡನೆ ಈ ಕಚೇರಿಗೆ ಬಂದು ಬೆಂಚಿನ ಮೇಲೆ ಕೂಡುತ್ತಿದ್ದರು. ವೈರ್‌ಲೆಸ್ ಮಾತಾಡತೊಡಗಿದೊಡನೆ “ಊಟ ಆತೇನ್ರಿ?” ಎಂದು ಕೇಳುತ್ತಿದ್ದರು. ಸಮುದ್ರದಿಂದ “ಆತು” ಎಂದು ಉತ್ತರ ಬರುತ್ತಿತ್ತು. ಆಗ ಗಂಟು ಬಿಚ್ಚುತ್ತಿದ್ದರು. ಒಬ್ಬರೇ ಉಂಡು ಅಭ್ಯಾಸವಿಲ್ಲವೆಂದು ಅವರು ಹೇಳಿದ ಮೇರೆಗೆ, ಕಚೇರಿಯ ಸಮಸ್ತ ಸಿಬ್ಬಂದಿಯು ಶೇಂಗಾ ಚಟ್ನಿಯನ್ನು ಕರ್ತವ್ಯದ ಭಾಗವಾಗಿ ಸ್ವೀಕರಿಸುತ್ತಿತ್ತು.

ಕಳೆದ ಗುರುವಾರ ನಡೆದ ಮಾತುಕತೆಯನ್ನು ವಿಚಾರಣೆಯ ಸಲುವಾಗಿ ಯಥಾವತ್ತು ನಮೂದಿಸಲಾಗಿದೆ:

ಪಾರವ್ವ: ಊಟ ಆತೇನ್ರಿ?
ಗುರುಪಾದಪ್ಪ: ಆತು. ಅನ್ನ ಸಾರು.
ಪಾರವ್ವ: ಅಲ್ಲಾಡೋ ದೋಣ್ಯಾಗ ತಾಟಿನ್ಯಾಗ ಸಾರು ನಿಂತೀತೇನ್ರಿ? ಖರೇ ಹೇಳ್ರಿ.
ವಸಂತಕುಮಾರ (ಅನುಮತಿಯಿಲ್ಲದೆ ನಡುವೆ ಬಂದು): ಅಕ್ಕಾ, ಇವ್ರು ಸುಳ್ಳು ಹೇಳ್ತಿದ್ದಾರೆ ಮಾರಾಯ್ರೆ. ಗಂಜಿ ಸಹ ಹೊಟ್ಟೇಲಿ ನಿಲ್ಲುದಿಲ್ಲ. ಕುಡಿದದ್ದೆಲ್ಲ ಮೀನಿಗೆ.
ಗುರುಪಾದಪ್ಪ: ಏ ತಮ್ಮಾ, ನೀ ಒಲಿ ನೋಡ್ಕೋ!
ವಸಂತಕುಮಾರ: ಒಲೆ ಉಂಟು. ಉಣ್ಣುವವರಿಲ್ಲ.
ಪಾರವ್ವ: ಅಂದ್ರ ಇಷ್ಟ್ ದಿನ ಸುಳ್ಳ ಹೇಳಿ ನನಗ ಉಣಿಸೀರಿ?
ಗುರುಪಾದಪ್ಪ: ನೀ ಉಪವಾಸ ಕೂಡಬಾರ್ದು ಅಂತ…
ಪಾರವ್ವ: ಕುಂತೆ ನೋಡ್ರಿ ಈಗ.

ಅಂದು ಅವರು ಗಂಟು ಬಿಚ್ಚದೆ ಎದ್ದುಹೋದರು. ಅಂದಿನಿಂದ ಬರುತ್ತಾರೆ, ಕೇಳುತ್ತಾರೆ, “ಇಲ್ಲ” ಎಂಬ ಉತ್ತರ ಪಡೆದು ನೀರು ಕುಡಿದು ಹೋಗುತ್ತಾರೆ. ಅವರ ಮುಖ ಬಾಡಿರುವುದನ್ನೂ ಸಿಬ್ಬಂದಿಯ ಕಾರ್ಯಕ್ಷಮತೆ ಕುಂದಿರುವುದನ್ನೂ ಗಮನಿಸಲಾಗಿದೆ.

ವಿಚಾರಣೆಯಲ್ಲಿ ಕಂಡುಬಂದದ್ದೇನೆಂದರೆ: ಅಲೆ ಎದ್ದಂದಿನಿಂದ ಶ್ರೀ ಗುರುಪಾದಪ್ಪ ಅವರ ಹೊಟ್ಟೆಯಲ್ಲಿ ಅನ್ನ, ಗಂಜಿ ನಿಲ್ಲುತ್ತಿಲ್ಲ. ಜೋಳದ ರೊಟ್ಟಿಯಾದರೆ ನಿಂತೀತೆಂದು ಅವರ ನಂಬಿಕೆ. ಶ್ರೀಮತಿ ಪಾರವ್ವ ಅವರು ತಟ್ಟಿ, ಒಣಗಿಸಿ, ಕಟ್ಟಿಕೊಟ್ಟ ಖಡಕ್ ರೊಟ್ಟಿ ಡಬ್ಬಿ ತುಂಬ ದೋಣಿಯಲ್ಲೇ ಇದೆ. ಆದರೆ ಹೊರಡುವ ದಿನ ಅದಕ್ಕೆ ವಿಭಾಗದ ಮುದ್ರೆ ಬಿದ್ದಿದೆ. ಮುದ್ರೆ ಹಾಕಿದವರ ಸಮಕ್ಷಮದಲ್ಲಲ್ಲದೆ ಅದನ್ನು ಒಡೆಯುವಂತಿಲ್ಲ. “ಹೊಟ್ಟಿ ನಂದು, ಮುದ್ರಿ ಸರಕಾರದ್ದು, ನಾ ಮುಟ್ಟಂಗಿಲ್ಲ” ಎಂದು ಶ್ರೀ ಗುರುಪಾದಪ್ಪ ಅವರು ಡಬ್ಬಿಯ ಪಕ್ಕದಲ್ಲೇ ಹಸಿದು ಕುಳಿತಿದ್ದಾರೆ. ಅವರ ಶಿಸ್ತನ್ನು ವಿಭಾಗವು ಮೆಚ್ಚುತ್ತದೆ. ಅವರ ಪತ್ನಿಯ ಅಭಿಪ್ರಾಯವನ್ನು ಇಲ್ಲಿ ನಮೂದಿಸಿಲ್ಲ.

ಮುದ್ರೆ ಹಾಕಿದ ಶ್ರೀ ವಿರುಪಾಕ್ಷಪ್ಪ ಅವರ ವಿವರಣೆ: “ಕಲ್ಯಾಣದ ಎಸ್.ಟಿ. ಬಸ್ಸಿನ್ಯಾಗ ಕುಂತ್ರ ನನಗ ಹೊಟ್ಟಿ ತೊಳಸ್ತದ, ಸಮುದ್ರಕ್ಕ ಹೆಂಗ ಹೋಗ್ಲಿ ಸಾಹೇಬ್ರ? ಮುದ್ರಿ ಹಾಕು ಅಂದ್ರಿ, ಹಾಕೀನಿ.” ಈ ವಿವರಣೆಯನ್ನು ಅಂಗೀಕರಿಸಲಾಗಿದೆ.

ಮೇಲ್ಕಂಡ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ‘ಊಟ ಆತೇನ್ರಿ?’ ಎಂಬುದನ್ನು ಅಧಿಕೃತ ಪ್ರಶ್ನೆಯೆಂದು ಮಾನ್ಯ ಮಾಡಲಾಗಿದೆ. ದೋಣಿ ಎಲ್ಲಿದೆ, ತೇಲುತ್ತಿದೆಯೇ ಎಂಬಿತ್ಯಾದಿ ವಿಚಾರಣೆಗಳು ಇದರ ನಂತರ ಬರತಕ್ಕವು.

2. ‘ಆತು’, ‘ಇಲ್ಲ’ ಎಂಬ ಎರಡೇ ಉತ್ತರಗಳಿಗೆ ಅವಕಾಶವಿದೆ. ‘ಆದಂಗ ಆಗೇದ’, ‘ಈಗ ಕೂಡಾಂವ ಇದ್ದೆ’ ಮೊದಲಾದವನ್ನು ‘ಇಲ್ಲ’ ಎಂದೇ ಓದಿಕೊಳ್ಳತಕ್ಕದ್ದು.

3. ಒಳಗೆ ಹೋಗಿ ಒಳಗೇ ಉಳಿದದ್ದು ಊಟ. ಹಿಂದಿರುಗಿದ್ದನ್ನು ಸಮುದ್ರಕ್ಕೆ ಸಲ್ಲಿಸಿದ ನೈವೇದ್ಯವೆಂದು ಪರಿಗಣಿಸಲಾಗುವುದು. ಅದರ ಪುಣ್ಯ ಸಂಬಂಧಪಟ್ಟವರಿಗೆ ಸೇರತಕ್ಕದ್ದು, ಲೆಕ್ಕ ಮೀನಿನ ಹೆಸರಿಗೆ.

4. ಮುದ್ರೆ ಒಡೆಯುವ ಹೊತ್ತಿಗೆ ಶ್ರೀ ವಿರುಪಾಕ್ಷಪ್ಪ ಅವರು ಕಚೇರಿಯ ಹಿಂದಿನ ಖಾಡಿಯಲ್ಲಿ ಮೊಣಕಾಲು ಮುಳುಗುವಷ್ಟು ಇಳಿದು ನಿಲ್ಲತಕ್ಕದ್ದು. ಖಾಡಿಯ ನೀರೂ ದೋಣಿಯ ಕೆಳಗಿನ ನೀರೂ ಒಂದೇ ಆಗಿರುವುದರಿಂದ ಅವರು ಸ್ಥಳದಲ್ಲಿ ಹಾಜರಿದ್ದರೆಂದೇ ಭಾವಿಸಲಾಗುವುದು. ಇಳಿತದ ವೇಳೆ ಬರೀ ಕೆಸರಿನಲ್ಲಿ ನಿಂತರೆ ಅರ್ಧ ಹಾಜರಿ.

5. ಪರೀಕ್ಷಾರ್ಥವಾಗಿ ನಿಲ್ಲಿಸಿ ನೋಡಲಾಗಿ, ಸದರಿಯವರಿಗೆ ಅಲ್ಲಿಯೂ ತಲೆ ಸುತ್ತಿದ್ದರಿಂದ ಖಂಡಿಕೆ 4ನ್ನು ಹಿಂಪಡೆಯಲಾಗಿದೆ. ಬದಲಿಗೆ, ಅಲೆಯೊಂದು ಡಬ್ಬಿಗೆ ಅಪ್ಪಳಿಸಿ ಮುದ್ರೆ ತಾನಾಗಿಯೇ ಒಡೆದಿರುತ್ತದೆಂದು ತೀರ್ಮಾನಿಸಲಾಗಿದೆ. ಅಲೆಯ ಮೇಲೆ ಶಿಸ್ತುಕ್ರಮ ಜರುಗಿಸುವುದಿಲ್ಲ.

6. ಅಂಥ ಅಲೆ ಸಕಾಲದಲ್ಲಿ ಬಾರದಿದ್ದಲ್ಲಿ, ಶ್ರೀ ವಸಂತಕುಮಾರ ಅವರು ಅಲೆಯ ಕೆಲಸವನ್ನು ಹೆಚ್ಚುವರಿ ಪ್ರಭಾರದಲ್ಲಿ ನಿರ್ವಹಿಸತಕ್ಕದ್ದು. ಇದಕ್ಕೆ ಸೌಟನ್ನು ಬಳಸಬಹುದು. ಪ್ರತ್ಯೇಕ ಭತ್ಯೆ ಇರುವುದಿಲ್ಲ. ಆ ಹೊತ್ತಿನಲ್ಲಿ ಶ್ರೀ ಗುರುಪಾದಪ್ಪ ಅವರು ಮೋಡ ನೋಡತಕ್ಕದ್ದು.

7. ಇನ್ನು ಮುಂದೆ ‘ಆತು’ ಎಂಬ ಬಾಯಿಮಾತು ಸಾಲದು. ಶ್ರೀ ಗುರುಪಾದಪ್ಪ ಅವರು ವೈರ್‌ಲೆಸ್‌ನ ಮುಂದೆ ಕುಳಿತು ರೊಟ್ಟಿ ಮುರಿದು, ಬಾಯಿಗಿಟ್ಟು, ಅಗಿಯತಕ್ಕದ್ದು. ಸದ್ದು ಠಾಣೆಗೆ ಕೇಳತಕ್ಕದ್ದು. ಅದು ತಾವು ತಟ್ಟಿದ ರೊಟ್ಟಿಯ ಸದ್ದೇ, ಹಲಗೆ ಮುರಿದ ಸದ್ದೇ ಎಂಬುದನ್ನು ಶ್ರೀಮತಿ ಪಾರವ್ವ ಅವರು ನಿರ್ಣಯಿಸುವರು. ಅವರ ನಿರ್ಣಯದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

8. ನಿರ್ಣಯವಾದೊಡನೆ ಶ್ರೀಮತಿ ಪಾರವ್ವ ಅವರು ಗಂಟು ಬಿಚ್ಚಿ ಉಣ್ಣತಕ್ಕದ್ದು. ಅವರು ಉಂಡು ಕೈ ತೊಳೆಯುವವರೆಗೆ ಕಚೇರಿಯನ್ನು ಮುಚ್ಚತಕ್ಕದ್ದಲ್ಲ.

9. ಗುರುವಾರದಿಂದ ಈ ಕಚೇರಿಯಲ್ಲಿ ಯಾರಿಗೂ ತಮ್ಮ ಊಟದ ಡಬ್ಬಿ ತೆರೆಯಲು ಮನಸ್ಸಾಗಿಲ್ಲ. ಕೆಳಗೆ ಸಹಿ ಮಾಡಿದವರಿಗೂ ಆಗಿಲ್ಲ. ಆದ್ದರಿಂದ ಈ ಸುತ್ತೋಲೆಯನ್ನು ಅತಿ ತುರ್ತು ಎಂದು ಪರಿಗಣಿಸಿ, ಇಂದಿನ ಸಂಜೆಯೇ ವೈರ್‌ಲೆಸ್‌ನಲ್ಲಿ ಓದಿ ಹೇಳತಕ್ಕದ್ದು.

ಸಹಿ/-
ಅಧೀಕ್ಷಕರು
ಯಾನ ವಿಭಾಗ, ಖಾಡಿ ದಂಡೆ ಕಚೇರಿ, ಠಾಣೆ

ಪ್ರತಿಗಳು:
1. ಶ್ರೀ ಗುರುಪಾದಪ್ಪ, ನಡುಗಡಲು — ಅಗಿಯುವುದಕ್ಕಾಗಿ.
2. ಶ್ರೀ ವಸಂತಕುಮಾರ, ಅಡುಗೆ ಮತ್ತು (ಪ್ರಭಾರ) ಅಲೆ — ತಕ್ಷಣದ ಕ್ರಮಕ್ಕಾಗಿ.
3. ಶ್ರೀ ಕುಶಲ, ಚುಕ್ಕಾಣಿ — ಸದರಿ ಸಮಯದಲ್ಲಿ ದೋಣಿಯನ್ನು ಅಲ್ಲಾಡಿಸದಿರಲು.
4. ಶ್ರೀ ವಿರುಪಾಕ್ಷಪ್ಪ, ಉಗ್ರಾಣ — ಮಾಹಿತಿಗಾಗಿ. ಕಾಲು ಒರೆಸಿಕೊಂಡು ಓದುವುದು.
5. ಹಿಂದೂ ಮಹಾಸಾಗರ — ಸಹಕಾರ ಕೋರಿ.
6. ಶ್ರೀಮತಿ ಪಾರವ್ವ, ಕಚೇರಿಯ ಬೆಂಚು — ಓದಿ ಹೇಳಲಾಯಿತು. “ಮೊದಲ ಸದ್ದು ಕೇಳಲಿ, ಆಮ್ಯಾಲೆ ನೋಡೋಣು” ಎಂದು ತಿಳಿಸಿರುತ್ತಾರೆ.