ನನ್ನ ಪೆನ್ಶನ್ ಹಾರಿಹೋದ ಕಥೆ

ಮಾಸ್ಟ್ರುಗಳು ನಿವೃತ್ತರಾಗುತ್ತಾರೆ, ಪೊಲೀಸರು ನಿವೃತ್ತರಾಗುತ್ತಾರೆ. ರಿಕ್ಷಾದವ ನಿವೃತ್ತನಾದದ್ದನ್ನು ಯಾರಾದರೂ ಕಂಡಿದ್ದೀರಾ? ಒಂದೋ ರಿಕ್ಷಾ ಗುಜರಿಗೆ ಹೋಗುತ್ತದೆ, ಇಲ್ಲ ಅವನೇ ಹೋಗುತ್ತಾನೆ. ಕಡಬದ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುವ ನಾನು ಈ ಕೆಟ್ಟ ಪದ್ಧತಿಯನ್ನು ಮುರಿಯಲು ತೀರ್ಮಾನಿಸಿದೆ.

ವಿಷಯ ಎತ್ತಿದ್ದು ಹೆಂಡತಿ ಸುಜಾತಾ. ಬೀಡಿ ಕಟ್ಟುತ್ತಾ ಕೇಳಿದಳು:

“ವಯಸ್ಸಾದ ಮೇಲೆ ನನಗೆ ಬೀಡಿಯ ಪಿ.ಎಫ್. ಉಂಟು. ನಿಮಗೆ ಎಂತ ಉಂಟು?”

“ನನಗೆ ನೀನು ಉಂಟಲ್ಲ!”

“ಅದಕ್ಕೇ ಹೇಳುದು, ಬ್ಯಾಂಕಿನ ಪೆನ್ಶನ್‌ಗೆ ಸೇರಿ ಅಂತ. ನಲವತ್ತು ತುಂಬಿದರೆ ಮತ್ತೆ ಸೇರಿಸಿಕೊಳ್ಳುದಿಲ್ಲವಂತೆ. ಬರುವ ತಿಂಗಳು ನಿಮಗೆ ತುಂಬ್ತದೆ.”

ತಿಂಗಳು ತಿಂಗಳು ಕಟ್ಟುವುದು, ಅರವತ್ತರವರೆಗೆ ಕಾಯುವುದು! ಇದು ದಡ್ಡರ ದಾರಿ ಎಂದು ನನಗನ್ನಿಸಿತು. ನನ್ನ ತಲೆಯಲ್ಲಿ ಬೇರೆಯೇ ಯೋಜನೆಯಿತ್ತು. ಜೇನು! ಹುಳಗಳಿಗೆ ಸಂಬಳವಿಲ್ಲ, ಬೋನಸ್ ಇಲ್ಲ, ಭಾನುವಾರವೂ ಇಲ್ಲ. ಅವು ದುಡಿಯುತ್ತವೆ, ನಾನು ಕೂತು ತಿನ್ನುತ್ತೇನೆ. ಒಂದು ಪೆಟ್ಟಿಗೆ ಎರಡಾಗಿ, ಎರಡು ನಾಲ್ಕಾಗಿ, ಅರವತ್ತರ ಹೊತ್ತಿಗೆ ನಾನು ಧಣಿ!

ಮರುದಿನ ಬೆಳಗಾಗುವ ಮೊದಲೇ ಸುಳ್ಯಕ್ಕೆ ಹೋಗಿ, ಜೇನು ಸಾಕುವ ಕುಶಾಲಪ್ಪಣ್ಣನಿಂದ ಹುಳ ತುಂಬಿದ ಪೆಟ್ಟಿಗೆ ತಂದು ರಿಕ್ಷಾದ ಹಿಂದಿನ ಸೀಟಿನಲ್ಲಿಟ್ಟೆ.

“ಪೆಟ್ಟಿಗೆಯ ಬಾಗಿಲಿಗೆ ಬಟ್ಟೆ ತುರುಕಿದ್ದೇನೆ. ಮನೆ ಮುಟ್ಟುವವರೆಗೆ ಕೈ ಹಾಕ್ಬೇಡ ಮಾರಾಯ” ಎಂದ ಅವನು.

ಸ್ವಲ್ಪ ದೂರ ಬಂದ ಮೇಲೆ ನನಗೆ ಕರುಳು ಚುರ್ರೆಂದಿತು. ಮುದಿಪ್ರಾಯದಲ್ಲಿ ನನ್ನನ್ನು ಸಾಕಲಿರುವವರನ್ನು ಉಸಿರುಕಟ್ಟಿಸುವುದೇ? ಬಟ್ಟೆಯನ್ನು ಸ್ವಲ್ಪವೇ ಸಡಿಲಿಸಿದೆ.

ಬೆಳ್ಳಾರೆಯಲ್ಲಿ ನಮ್ಮೂರಿನ ನಿವೃತ್ತ ಮಾಸ್ಟ್ರು ಕೈ ಅಡ್ಡ ಹಿಡಿದರು. ಸಿಕ್ಕಿದ ಬಾಡಿಗೆ ಬಿಡುವುದುಂಟೇ? ಪೆಟ್ಟಿಗೆಯ ಪಕ್ಕದಲ್ಲೇ ಕೂರಿಸಿದೆ.

“ಇದರಲ್ಲಿ ಎಂತ ಮಾರಾಯ? ಗುಂಯ್ ಅಂತ ಉಂಟಲ್ಲ?”

“ನನ್ನ ಪೆನ್ಶನ್ ಮಾಸ್ಟ್ರೆ!”

“ನನ್ನ ಪೆನ್ಶನ್ ಇಷ್ಟರವರೆಗೆ ಶಬ್ದ ಮಾಡ್ಲಿಲ್ಲ” ಎಂದರು ಅವರು, ಸಂಶಯದಿಂದ.

ನಾನು ಹೆಮ್ಮೆಯಿಂದ ಯೋಜನೆಯನ್ನು ವಿವರಿಸುತ್ತಿದ್ದಾಗ ರಿಕ್ಷಾ ಒಂದು ಹೊಂಡಕ್ಕೆ ಇಳಿದು ಹತ್ತಿತು.

“ಹೇ, ನಿನ್ನ ಪೆನ್ಶನ್ ಹೊರಗೆ ಬರ್ತಾ ಉಂಟು!”

“ಅದು ಬರುದು ಅರವತ್ತಕ್ಕೆ ಮಾಸ್ಟ್ರೆ. ಗಡಿಬಿಡಿ ಎಂತ?”

“ನನ್ನ ಅಂಗಿಯ ಒಳಗೆ ಬರ್ತಾ ಉಂಟು ಮಾರಾಯಾ!”

ಅಷ್ಟರಲ್ಲಿ ನನ್ನ ಕುತ್ತಿಗೆಗೂ ಮೊದಲ ಕಂತು ಜಮೆಯಾಯಿತು. ರಿಕ್ಷಾ ನಿಲ್ಲಿಸಿ ಹಾರಿದೆ. ಮಾಸ್ಟ್ರು ನನಗಿಂತ ಮೊದಲೇ ಹಾರಿ, ರಸ್ತೆ ಬದಿಯ ತೋಡಿನ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿದ್ದರು. ತರಗತಿಯಲ್ಲಿ ಎಂದೂ ಕಲಿಸದ ಕೆಲವು ತುಳು ಶಬ್ದಗಳನ್ನು ಅವರು ಅಲ್ಲಿಂದಲೇ ಸ್ಪಷ್ಟವಾಗಿ ಉಚ್ಚರಿಸಿದರು. ಹ್ಯಾಂಡ್ ಬ್ರೇಕ್ ಹಾಕಲು ಮರೆತದ್ದು ನನಗೆ ನೆನಪಾದದ್ದು, ರಿಕ್ಷಾ ಒಂಟಿಯಾಗಿ ಇಳಿಜಾರಿನಲ್ಲಿ ಹೊರಟಾಗ. ಅದು ಚರಂಡಿಗೆ ಮೂತಿ ಊರಿ ನಿಂತಿತು. ಪೆಟ್ಟಿಗೆ ಎರಡು ಹೋಳು! ಹುಳಗಳು ರಾಣಿಯ ಸಮೇತ ಕಾಡಿನ ಕಡೆಗೆ ಸ್ವಯಂನಿವೃತ್ತಿ ಪಡೆದವು.

ಮನೆಗೆ ಮುಟ್ಟುವಾಗ ನನ್ನ ಮುಖ ಹಲಸಿನಕಾಯಿ, ಬೆರಳುಗಳು ತೊಂಡೆಕಾಯಿ. ಸುಜಾತಾ ನಗಲಿಲ್ಲ. ಮುಳ್ಳು ತೆಗೆದು, ಅರಸಿನ ಹಚ್ಚಿ, ಆಮೇಲೆ ಒಳಗೆ ಹೋಗಿ ನಕ್ಕಳು. ಹೊರಗೆ ಬಂದವಳೇ, “ನಾಳೆ ಬ್ಯಾಂಕಿಗೆ” ಎಂದಳು. ಎದುರು ಮಾತಾಡಲು ನನ್ನ ತುಟಿಗಳು ಬೇರೆಯಾಗುವ ಸ್ಥಿತಿಯಲ್ಲಿರಲಿಲ್ಲ.

ಬ್ಯಾಂಕಿನವರು ಆಧಾರ್ ನೋಡಿದರು, ನನ್ನನ್ನು ನೋಡಿದರು.

“ಅಕ್ಕಾ, ಇದರಲ್ಲಿ ಇರುವವರೇ ಬರ್ಬೇಕು.”

“ಇವರೇ ಸರ್. ಒಳಗೆ ಇದ್ದಾರೆ” ಎಂದಳು ಸುಜಾತಾ.

ಯಂತ್ರ ಮಾತ್ರ ನಂಬಲಿಲ್ಲ. ಯಾವ ಬೆರಳಿಟ್ಟರೂ ನಾನು ನಾನಲ್ಲ ಎಂದಿತು! ಸರಕಾರದ ಪ್ರಕಾರ ನಾನಿಲ್ಲ, ನಲವತ್ತು ಮಾತ್ರ ಬರುತ್ತಾ ಇದೆ. ಅಂದು ಬಸ್ಸಿನಲ್ಲಿ ಹಿಂದಿರುಗುವಾಗ ನಿಜವಾಗಿಯೂ ಹೆದರಿದೆ. ಕಣ್ಣು ಕಾಣದ ಕಾಲಕ್ಕೆ ಯಾರ ಮುಂದೆ ಕೈಚಾಚುವುದು? ಆ ಕೈಯನ್ನೂ ಯಂತ್ರ ಒಪ್ಪುತ್ತಿಲ್ಲವಲ್ಲ!

ಬಾವು ಇಳಿದ ಕೂಡಲೇ ಮತ್ತೆ ಹೋದೆವು. ಯಂತ್ರ ‘ಕುಂಯ್’ ಎಂದಿತು. ನಾನು ನಾನಾದೆ! ಹುಟ್ಟಿದ ದಿನಕ್ಕೆ ಇನ್ನೂ ವಾರವಿರುವಾಗ ನನ್ನ ಮುದಿಪ್ರಾಯಕ್ಕೊಂದು ಗತಿಯಾಯಿತು.

ರಿಕ್ಷಾ ಇನ್ನೂ ಗ್ಯಾರೇಜಿನಲ್ಲಿದ್ದುದರಿಂದ ಸರಕಾರಿ ಬಸ್ಸು ಹತ್ತಿದೆವು. ಎದೆಯುಬ್ಬಿಸಿ ಕಿಟಕಿಯ ಬದಿ ಕೂತು, ಮುಂದಾಲೋಚನೆ ಎಂದರೇನೆಂದು ಪಕ್ಕದವರಿಗೆ ಉಪದೇಶ ಶುರುಮಾಡಿದೆ. ಕಂಡಕ್ಟರ್ ಬಂದ. ಸುಜಾತಾ ಹೆಂಗಸು, ಅವಳಿಗೆ ಫ್ರೀ. ನಾನು ಕಿಸೆಗೆ ಕೈ ಹಾಕಿದೆ. ಇನ್ನೊಂದು ಕಿಸೆಗೂ ಹಾಕಿದೆ.

“ಇವರದ್ದೊಂದು ಟಿಕೆಟ್ ಕೊಡಿ” ಎಂದು ಸುಜಾತಾ ತನ್ನ ಪರ್ಸು ತೆರೆದಳು.