ಹುಣಸೆ ಮಂಡಿಯವರು ಕಾರು ನೋಡಲು ಹೋದದ್ದು

ಮಧುಗಿರಿಯ ಹುಣಸೆಹಣ್ಣಿನ ಮಂಡಿ ಗಂಗಾಧರಯ್ಯನವರಿಗೆ ತಮ್ಮ ಮೂವತ್ತು ವರ್ಷದ ವ್ಯಾಪಾರದಲ್ಲಿ ಒಳ್ಳೆಯ ಹುಣಸೆಹಣ್ಣು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. (ಬಿದ್ದಿತ್ತು, ದಿನಾ ಬೀಳುತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.) ರೈತ ಮೂಟೆಯ ಬಾಯಿ ಬಿಚ್ಚುವುದೇ ತಡ, ಒಂದು ಹಿಡಿ ಹಣ್ಣು ಕೈಗೆತ್ತಿಕೊಂಡು, ಸತ್ತ ಇಲಿಯನ್ನು ನೋಡುವವರಂತೆ ನೋಡಿ, "ಏನಪ್ಪಾ ಇದು, ಬರೀ ನಾರು, ಬೀಜ. ಸಾಲದ್ದಕ್ಕೆ ಒದ್ದೆ ಬೇರೆ" ಎನ್ನುತ್ತಿದ್ದರು. ರೈತನೇನು ಕಡಿಮೆಯೇ? "ಅಂಗಾರೆ ಬುಡಿ ಸಾಮಿ, ಕೊರಟಗೆರೆಗೆ ಹೊತ್ಕೊಂಡೋಯ್ತೀನಿ" ಎಂದು ಮೂಟೆಯ ಕಿವಿ ಹಿಡಿದು ಎತ್ತುವಂತೆ ಮಾಡುತ್ತಿದ್ದ, ಎತ್ತುತ್ತಿರಲಿಲ್ಲ. ಇವರು ಬೈದದ್ದನ್ನು ಅವನು ನಂಬುತ್ತಿರಲಿಲ್ಲ, ಅವನು ಹೋಗುತ್ತೇನೆಂದದ್ದನ್ನು ಇವರು ನಂಬುತ್ತಿರಲಿಲ್ಲ. ಇಬ್ಬರೂ ಒಂದೊಂದು ಲೋಟ ಕಾಫಿ ಕುಡಿದ ಮೇಲೆ ಮೂಟೆ ತಕ್ಕಡಿ ಏರುತ್ತಿತ್ತು. ಮಂಡಿ ಬೀದಿಯಲ್ಲಿ ಇದು ಸುಳ್ಳು ಎನಿಸಿಕೊಳ್ಳುತ್ತಿರಲಿಲ್ಲ, ಮರ್ಯಾದೆ ಎನಿಸಿಕೊಳ್ಳುತ್ತಿತ್ತು.

ಈ ಮಹಾವಿದ್ಯೆಯನ್ನು ಅವರು ಹುಣಸೆಹಣ್ಣಿಗೆ ಮಾತ್ರ ಮೀಸಲಿಟ್ಟಿರಲಿಲ್ಲ. ಬದನೆಕಾಯಿ, ಪಂಚೆ, ಕೊಡೆ ಎಲ್ಲವೂ ಅವರಿಂದ ಬೈಸಿಕೊಂಡೇ ಮನೆ ಸೇರುತ್ತಿದ್ದವು. ಹುಲಿಕುಂಟೆಗೆ ಹೆಣ್ಣು ನೋಡಲು ಹೋದಾಗಲೂ, ಹುಡುಗಿ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿದ್ದರೂ, "ಎತ್ತರ ಸಾಲ್ದು, ಉಪ್ಪಿಟ್ಟಿಗೆ ಉಪ್ಪು ಜಾಸ್ತಿ" ಎಂದು ಹೇಳಿ ಎದ್ದು ಬಂದಿದ್ದರು. ಆ ಹುಡುಗಿ, ಅಂದರೆ ಅವರ ಧರ್ಮಪತ್ನಿ ರಾಜಲಕ್ಷ್ಮಮ್ಮ, ಅಂದಿನಿಂದ ಇಂದಿನವರೆಗೆ ಅವರ ತಟ್ಟೆಗೆ ಮಾತ್ರ ಉಪ್ಪನ್ನು ಬೇರೆಯಾಗಿ ಬಡಿಸುತ್ತಾ ಬಂದಿದ್ದರು.

ಎಂಬತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಈ ರಾಜಲಕ್ಷ್ಮಮ್ಮನವರು ಒಂದು ಘೋರ ಪ್ರತಿಜ್ಞೆ ಮಾಡಿದರು. ಹಿಂದಿನ ತಿಂಗಳು ಮಿಡಿಗೇಶಿಯಲ್ಲಿ ಒಂದು ಮದುವೆ. ಗಂಗಾಧರಯ್ಯನವರು, "ಹೆಂಗೂ ಲಾರಿ ಆ ಕಡೆ ಹೋಗ್ತದೆ, ದಂಡಕ್ಕೆ ಬಸ್ಸಿಗ್ಯಾಕೆ" ಎಂದು ಇಡೀ ಸಂಸಾರವನ್ನು ಹುಣಸೆ ಮೂಟೆಗಳ ಮೇಲೆ ಕೂರಿಸಿ ಕಳಿಸಿದ್ದರು. ಸೆಕೆಗೆ ಹಣ್ಣು ರಸ ಬಿಟ್ಟಿತ್ತು. ರಾಜಲಕ್ಷ್ಮಮ್ಮನವರ ಧರ್ಮಾವರದ ಸೀರೆ ಮೂಟೆಗೆ ಅಂಟಿಕೊಂಡು, ಅವರು ಇಳಿಯುವಾಗ ಮೂಟೆಯೂ ಜೊತೆಗೆ ಇಳಿಯಲು ನೋಡಿತಂತೆ. ಮದುವೆ ಮನೆಯಲ್ಲಿ ನೊಣಗಳು ಮದುಮಗಳನ್ನು ಬಿಟ್ಟು ಇವರನ್ನೇ ಸುತ್ತಿದವಂತೆ.

"ನೋಡ್ರಿ," ಎಂದರು ರಾಜಲಕ್ಷ್ಮಮ್ಮ. "ಬರೋ ಗುರುವಾರ ಹುಲಿಕುಂಟೇಲಿ ನಮ್ಮಣ್ಣನ ಮಗಳ ಮದ್ವೆ. ನಾನು ಲಾರಿ ಹತ್ತಲ್ಲ. ಬಸ್ಸೂ ಹತ್ತಲ್ಲ. ಕಾರು ತನ್ನಿ, ಇಲ್ಲಾಂದ್ರೆ ನೀವೊಬ್ರೇ ಹೋಗಿ ನನ್ನ ತವರಲ್ಲಿ ಏನು ಹೇಳ್ತೀರೋ ಹೇಳ್ಕೊಳ್ಳಿ."

"ಕಾರಿಗೆ ಪೆಟ್ರೋಲ್ ಯಾರೇ ಕುಡಿಸೋರು?"

"ಡೀಸೆಲ್ ಗಾಡಿ ತನ್ನಿ."

"ಮೂಟೆ?"

"ಮೂಟೆ ಹಿಂದೆ, ನಾನು ಮುಂದೆ."

ಗಂಗಾಧರಯ್ಯನವರಿಗೆ ಒಳಗೊಳಗೇ ಖುಷಿಯಾಯಿತು. ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದ, ಹಿಂಭಾಗ ಉದ್ದವಾಗಿ ಪೆಟ್ಟಿಗೆಯ ಹಾಗಿರುವ ಸ್ಟೇಷನ್ ವ್ಯಾಗನ್ ಕಾರುಗಳನ್ನು ಅವರು ತುಮಕೂರಿನಲ್ಲಿ ನೋಡಿದ್ದರು. ಮುಂದೆ ಸಂಸಾರ, ಹಿಂದೆ ನಾಲ್ಕು ಮೂಟೆ. ಇದಕ್ಕಿಂತ ಬೇರೆ ಸುಖ ಏನಿದೆ?

ಅವರು ಮೆಕ್ಯಾನಿಕ್ ಬುಡೇನ್ ಸಾಬನನ್ನು ಜೊತೆಗಿಟ್ಟುಕೊಂಡು ದಂಡಯಾತ್ರೆ ಹೊರಟರು. ಕೊರಟಗೆರೆಯಲ್ಲಿ ಸಿಕ್ಕ ಕಾರಿನ ತಳದಲ್ಲಿ ಎಷ್ಟು ದೊಡ್ಡ ತೂತಿತ್ತೆಂದರೆ, ಕೂತವರು ಕಾಲು ಇಳಿಬಿಟ್ಟು ಜೊತೆಗೆ ನಡೆಯಬಹುದಿತ್ತು. ಪಾವಗಡದಲ್ಲಿ ಇನ್ನೊಂದು ಸಿಕ್ಕಿತು. ಅದರ ಯಜಮಾನ ಓಬಳಪ್ಪ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, "ಬಂಡಿ ಬಂಗಾರಂ ಸಾಮಿ" ಎಂದ. ಬ್ರೇಕ್ ಎಲ್ಲಿ ಎಂದು ಬುಡೇನ್ ಸಾಬ ಕೇಳಿದ್ದಕ್ಕೆ, "ಬ್ರೇಕ್ ಎಂದುಕು? ನಮ್ಮ ಕಡೆ ಎಲ್ಲಾ ಬಯಲೇ ಕದಾ, ತನಗ್ ತಾನೇ ನಿಂತ್ಕೊಂತದೆ" ಎಂದು ಸಮಾಧಾನ ಹೇಳಿದ. ಇವೆರಡನ್ನು ಬೈಯುವುದಕ್ಕೆ ಗಂಗಾಧರಯ್ಯನವರಿಗೆ ಮನಸ್ಸೇ ಬರಲಿಲ್ಲ. ನಿಜವಾಗಿಯೂ ಕೆಟ್ಟದ್ದನ್ನು ಬೈಯುವುದರಲ್ಲಿ ಅಂಥ ಕೌಶಲವೇನೂ ಇಲ್ಲವಲ್ಲ.

ಸೋಮವಾರ ಶಿರಾದಿಂದ ಸುದ್ದಿ ಬಂತು. ಕಾಡಸಿದ್ದಪ್ಪ ಎಂಬ ನಿವೃತ್ತ ಹೆಡ್‌ಮಾಸ್ಟರರ ಬಳಿ ಅಂಥದ್ದೊಂದು ಕಾರಿದೆ, ತೀರಿಕೊಂಡ ಅವರ ಅಣ್ಣ, ಕಂಟ್ರಾಕ್ಟರು, ಬಿಟ್ಟುಹೋದದ್ದು, ಮಾರುತ್ತಾರಂತೆ. ಬುಧವಾರ ಬೆಳಿಗ್ಗೆ, ಅಂದರೆ ಮದುವೆಯ ಹಿಂದಿನ ದಿನ, ಗಂಗಾಧರಯ್ಯನವರು ಹೊರಟರು. ಈ ಸಲ ರಾಜಲಕ್ಷ್ಮಮ್ಮನವರೂ ಬಂದರು. ("ಬಸ್ಸು ಹತ್ತಲ್ಲ ಅಂದಿದ್ದೆ?" "ಕಾರ್ ತರೋಕೆ ಹತ್ತಬೋದು.") ದಾರಿಯುದ್ದಕ್ಕೂ ಗಂಗಾಧರಯ್ಯನವರು ಬುಡೇನ್ ಸಾಬನಿಗೆ ಪಾಠ ಮಾಡಿದರು.

"ಗಾಡಿ ಚೆನ್ನಾಗಿದ್ರೆ ಬಾಯಿ ಬಿಡಬ್ಯಾಡ. ತಲೆ ಅಲ್ಲಾಡಿಸ್ತಾ 'ಛೆ ಛೆ' ಅನ್ನು, ಸಾಕು. ಮಿಕ್ಕಿದ್ದು ನನಗೆ ಬಿಡು."

"ಭಾಳಾ ಚೆನ್ನಾಗಿದ್ರೆ, ಅಣ್ಣಾ?"

"ಎರಡು ಸಲ ಛೆ ಅನ್ನು."

ಕಾಡಸಿದ್ದಪ್ಪನವರು ಬಿಳಿಯ ಜುಬ್ಬಾ, ದಪ್ಪ ಕನ್ನಡಕದ ಸಾತ್ವಿಕ ಮನುಷ್ಯರು. ನಲವತ್ತು ವರ್ಷ ಮಕ್ಕಳಿಗೆ ನಿಜ ಹೇಳಬೇಕೆಂದು ಕಲಿಸಿ ಕಲಿಸಿ, ಪಾಪ, ಅವರಿಗೇ ಅದು ಅಂಟಿಕೊಂಡುಬಿಟ್ಟಿತ್ತು. ಮಂಡಿಯ ಮೆಟ್ಟಿಲನ್ನು ಅವರು ಜನ್ಮದಲ್ಲಿ ತುಳಿದವರಲ್ಲ. ಅವರ ಹೆಂಡತಿ ಮಹಾಲಕ್ಷ್ಮಮ್ಮನವರು ಬಂದವರಿಗೆಲ್ಲ ಮಜ್ಜಿಗೆ ಕೊಟ್ಟರು.

ಕಾರು ಹಿತ್ತಲ ಬೇವಿನ ಮರದ ಕೆಳಗೆ ನಿಂತಿತ್ತು. ಉದ್ದ ಬೆನ್ನು, ಹಾಲಿನ ಬಣ್ಣ. ಬುಡೇನ್ ಸಾಬ ಹೀಟರ್ ಕಾಯಿಸಿ ಸೆಲ್ಫ್ ಒತ್ತಿದ. ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಇಂಜಿನ್ನು ಒಂದೇ ಏಟಿಗೆ ಎದ್ದಿತು. ಹೊಗೆ ಕೊಳವೆಗೆ ಅಂಗೈ ಹಿಡಿದ, ಕೈ ಕಪ್ಪಾಗಲಿಲ್ಲ. ಎಣ್ಣೆ ಮುಚ್ಚಳ ತೆಗೆದು ಇಣುಕಿದ. ಒಳಗಿಂದ ಹೊಗೆ ಉಗುಳಲಿಲ್ಲ. ಕೆಳಗೆ ಮಲಗಿ ನೋಡಿದ. ಒಂದು ತೊಟ್ಟು ಎಣ್ಣೆ ಸೋರಿರಲಿಲ್ಲ. ಎದ್ದು ನಿಂತು, ಗಂಗಾಧರಯ್ಯನವರ ಮುಖ ನೋಡುತ್ತಾ, "ಛೆ ಛೆ ಛೆ ಛೆ" ಎಂದ. ಅವನ ಕಣ್ಣಲ್ಲಿ ನೀರಿತ್ತು.

ರಾಜಲಕ್ಷ್ಮಮ್ಮನವರು ಆಗಲೇ ಕಾರಿನೊಳಗೆ ಕೂತು, ಯಾವ ಮಗು ಎಲ್ಲಿ ಕೂರಬೇಕೆಂದು ತೀರ್ಮಾನಿಸುತ್ತಿದ್ದರು.

ಗಂಗಾಧರಯ್ಯನವರು ಗಂಟಲು ಸರಿಮಾಡಿಕೊಂಡರು. ಎಂದೂ ಇಲ್ಲದ ಸ್ಫೂರ್ತಿ ಬಂದಿತ್ತು.

"ಏನ್ ಸಾರ್ ಇದು, ಹೊಗೇನೇ ಇಲ್ಲ. ಡೀಸೆಲ್ ಗಾಡಿ ಅಂದ್ಮೇಲೆ ನಾಲ್ಕು ಜನಕ್ಕೆ ಕಾಣೋ ಹಂಗಾದ್ರೂ ಹೊಗೆ ಬರಬೇಕು. ಎಲ್ಲಾ ಒಳಗೇ ಕಟ್ಕೊಂಡೈತೆ. ಎಂದೋ ಒಂದಿನ ಒಟ್ಟಿಗೆ ಬರ್ತದೆ."

ಕಾಡಸಿದ್ದಪ್ಪನವರ ಕೈ ಜೇಬಿನ ಪೆನ್ನಿಗೆ ಹೋಯಿತು. "ಹೊಗೆ ಒಳಗೇ ಇದೆ ಎನ್ನುತ್ತೀರಾ?" ಎಂದು ಚೀಟಿಯೊಂದರಲ್ಲಿ ಬರೆದುಕೊಂಡರು.

"ಬಾಗಿಲು ನೋಡಿ. ಸದ್ದೇ ಇಲ್ಲದಂಗೆ ಮುಚ್ಕೊಂತದೆ. ಗಟ್ಟಿ ಬಾಗಿಲಾದ್ರೆ ಧಡ್ ಅನ್ನಬೇಕು. ಸ್ಟೇರಿಂಗು ಒಂದು ಬೆರಳಿಗೆ ತಿರುಗ್ತದೆ, ಒಳಗೆ ಎಲ್ಲಾ ಸವೆದೋಗೈತೆ. ಇಂಜಿನ್ ಒಂದೇ ಸಲಕ್ಕೆ ಎದ್ದೇಳ್ತಲ್ಲ, ಅದು ಗಾಬರಿ. ರೋಗ ಇರೋರು ಬೆಳಿಗ್ಗೆ ಬೇಗ ಏಳ್ತಾರಲ್ಲ, ಹಂಗೆ."

ಅರ್ಧ ಗಂಟೆ ಹೀಗೆ ನಡೆಯಿತು. ಒಟ್ಟು ಇಪ್ಪತ್ತೊಂದು ಐಬು. ಕೊನೆಯದನ್ನು ಹೇಳಿ ಮುಗಿಸಿ ಗಂಗಾಧರಯ್ಯನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಕಾದರು. ಈಗ ಎದುರಿನವರು, 'ಅಂಗಾರೆ ಬುಡಿ, ಬೇರೆಯವರಿಗೆ ಕೊಡ್ತೀನಿ' ಎನ್ನಬೇಕು. ಆಮೇಲೆ ಕಾಫಿ ಬರಬೇಕು.

ಕಾಡಸಿದ್ದಪ್ಪನವರು ಚೀಟಿಯನ್ನು ಮೊದಲಿಂದ ಕೊನೆವರೆಗೆ ಓದಿದರು. ಅವರ ಮುಖ ಸುಣ್ಣವಾಗಿತ್ತು.

"ಮಹಾಲಕ್ಷ್ಮಿ, ಬಾ ಇಲ್ಲಿ. ಹೋದ ವರ್ಷ ಬಾಣಂತಿ ಮಗಳನ್ನು, ಕೂಸನ್ನು ತುಮಕೂರಿನಿಂದ ಕರೆತಂದದ್ದು ಇದರಲ್ಲೇ ಅಲ್ಲವೇ?"

"ಇದ್ರಲ್ಲೇ. ಯಾಕೆ?"

"ನಾವು ಬದುಕಿ ಬಂದದ್ದೇ ಹೆಚ್ಚು." ಅವರು ಗಂಗಾಧರಯ್ಯನವರ ಎರಡೂ ಕೈ ಹಿಡಿದುಕೊಂಡರು. "ಸ್ವಾಮಿ, ನಿಮ್ಮಂಥ ಪ್ರಾಮಾಣಿಕರು ಈ ಕಾಲದಲ್ಲಿ ಸಿಕ್ಕುವುದು ಅಪರೂಪ. ಕೊಳ್ಳಲು ಬಂದವರು ಇಷ್ಟು ಬಿಡಿಸಿ ಹೇಳಿದಿರಿ. ಇನ್ನು ಇದನ್ನು ನಿಮಗೆ ಮಾರಿದರೆ ನಾನು ಮನುಷ್ಯನೇ? ನಾಳೆಯೇ ಗುಜರಿಯವನನ್ನು ಕರೆಸುತ್ತೇನೆ."

ಗಂಗಾಧರಯ್ಯನವರು ನಕ್ಕರು. ಕಾಡಸಿದ್ದಪ್ಪನವರು ನಗಲಿಲ್ಲ. ಗಂಗಾಧರಯ್ಯನವರು ಇನ್ನೂ ಸ್ವಲ್ಪ ಹೊತ್ತು ಕಾದರು. ಕಾಫಿಯ ಸುಳಿವೇ ಇರಲಿಲ್ಲ. ಕಾರಿನ ಕಿಟಕಿಯಿಂದ ಒಂದು ಕೈ ಬಂದು ಅವರ ಅಂಗಿಯ ತೋಳು ಎಳೆಯಿತು.

"ರೀ, ಅವರು ನಂಬ್ಬುಟ್ಟವ್ರೆ," ಎಂದು ರಾಜಲಕ್ಷ್ಮಮ್ಮ ಪಿಸುಗುಟ್ಟಿದರು. "ಬೈದದ್ದು ಸಾಕು, ಹೊಗಳಿ."

ಹೊಗಳುವುದು. ಗಂಗಾಧರಯ್ಯನವರಿಗೆ ಅಭ್ಯಾಸವಿರಲಿಲ್ಲ. ಆದರೂ ಶುರುಮಾಡಿದರು.

"ಅಲ್ಲ ಸಾರ್... ಹೊಗೆ ಬರದೇ ಇರೋದು ಒಂಥರಾ ಒಳ್ಳೇದೇ."

"ಈಗ ತಾನೆ ಎಲ್ಲ ಒಟ್ಟಿಗೆ ಬರುತ್ತದೆ ಎಂದಿರಿ."

"ಅದು ವ್ಯಾಪಾರದ ಮಾತು. ಸ್ಟೇರಿಂಗು ಹಗುರ ಇರೋದು ಒಳ್ಳೆ ಲಕ್ಷಣ."

"ಸವೆದಿದೆ ಎಂದಿರಿ. ಇಲ್ಲಿ ಬರೆದಿದೆ, ಮೂರನೆಯದು."

"ಮೂರನೇದು ಹೊಡೆದಾಕಿ ಸಾರ್. ನಾಲ್ಕೂ ಹೊಡೆದಾಕಿ."

ಕಾಡಸಿದ್ದಪ್ಪನವರು ಉತ್ತರಪತ್ರಿಕೆ ತಿದ್ದುವವರಂತೆ ಒಂದೊಂದನ್ನೇ ಗೀರು ಎಳೆದು ಹೊಡೆಯುತ್ತಾ ಹೋದರು. ಆದರೆ ಅನುಮಾನ ಹೋಗಲಿಲ್ಲ. ಕನ್ನಡಕದ ಮೇಲಿಂದ ಬುಡೇನ್ ಸಾಬನನ್ನು ನೋಡಿ, "ನೀನು ಹೇಳಪ್ಪ. ನೀನು ಕೆಲಸ ಬಲ್ಲವನು" ಎಂದರು.

ಬುಡೇನ್ ಸಾಬ ಗಂಗಾಧರಯ್ಯನವರನ್ನು ನೋಡಿದ. ಅವರು ಹೂಂ ಎಂದು ತಲೆ ಆಡಿಸಿದರು. ಬೆಳಗಿನಿಂದ ಕಟ್ಟಿಟ್ಟಿದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

"ಸಾರ್, ಇಷ್ಟೊತ್ತು ನನ್ನ ಬಾಯಿಗೆ ಬೀಗ ಹಾಕಿದ್ರು ಇವರು. ಈ ಇಂಜಿನ್ ಏಕ್ದಮ್ ಫಸ್ಟ್ ಕ್ಲಾಸ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲೂಕಲ್ಲಿ ನಾನು ಕೈ ಇಡದ ಡೀಸೆಲ್ ಗಾಡಿ ಇಲ್ಲ. ಇಂಥಾದ್ದು ಇನ್ನೊಂದಿಲ್ಲ. ಕಣ್ಮುಚ್ಕೊಂಡು ಹತ್ತು ವರ್ಷ ಓಡ್ತದೆ. ಇದನ್ನ ಮಾರೋನು ಪಾಗಲ್."

ಕಾಡಸಿದ್ದಪ್ಪನವರು ಕನ್ನಡಕ ತೆಗೆದು ಒರೆಸಿದರು.

"ಹಾಗೋ," ಎಂದರು. "ಹಳೆಯದಾಯಿತು, ಎಲ್ಲಿ ನಡುದಾರಿಯಲ್ಲಿ ಕೈಕೊಡುತ್ತದೋ ಎಂಬ ಭಯಕ್ಕೆ ಮಾರಲು ಹೊರಟಿದ್ದೆ. ಅಷ್ಟೇ ನನ್ನ ಕಾರಣ."

"ನಾನು ಬಡ್ಕೊಂಡೆ, ಮಾರಬೇಡಿ ಅಂತ," ಎಂದರು ಮಹಾಲಕ್ಷ್ಮಮ್ಮ. "ನನ್ನ ಮಾತು ಕೇಳಲಿಲ್ಲ. ಮಧುಗಿರಿಯಿಂದ ಯಜಮಾನರು ಬಂದು ಹೇಳಬೇಕಾಯ್ತು."

ಗಂಗಾಧರಯ್ಯನವರು, ಕೇಳಿದಷ್ಟು ಬೆಲೆ ಕೊಡುತ್ತೇನೆಂದರು. ಮೇಲೆ ಒಂದು ಮೂಟೆ ಹುಣಸೆಹಣ್ಣು ಕೊಡುತ್ತೇನೆಂದರು. ಒಳ್ಳೆಯ ಹಣ್ಣು ಎಂದೂ ಹೇಳಿದರು. ಆ ಎರಡು ಪದಗಳು ಅವರ ಬಾಯಲ್ಲಿ ಒಟ್ಟಿಗೆ ಬಂದದ್ದು ಅದೇ ಮೊದಲು. ಕಾಡಸಿದ್ದಪ್ಪನವರು ಕೈಮುಗಿದರು. "ಬೆಲೆಯ ಮಾತಲ್ಲ ಸ್ವಾಮಿ. ನೀವು ಬರದಿದ್ದರೆ ಮನೆಯೊಳಗಿನ ಭಾಗ್ಯವನ್ನು ಹೊರಗೆ ಹಾಕುತ್ತಿದ್ದೆ. ಬಸ್ಸಿಗೆ ಕಾಯಬೇಡಿ. ನಾನೇ ಮನೆಯವರೆಗೆ ಬಿಟ್ಟು ಬರುತ್ತೇನೆ."

ಮೂವರೂ ಅದೇ ಕಾರು ಹತ್ತಿದರು. ಗಾಡಿ ಏರು ಹತ್ತಿದ್ದೂ ಗೊತ್ತಾಗಲಿಲ್ಲ, ಹಳ್ಳ ಇಳಿದದ್ದೂ ಗೊತ್ತಾಗಲಿಲ್ಲ. ಬುಡೇನ್ ಸಾಬ ಮಾತ್ರ ಹಿಂದಿನ ಪೆಟ್ಟಿಗೆಯಲ್ಲಿ ಕಾಲು ನೀಡಿ ಕೂತು, ಇಂಜಿನ್ನಿನ ಸದ್ದು ಕೇಳುತ್ತಾ ಆಗಾಗ "ವಾಹ್" ಎನ್ನುತ್ತಿದ್ದ. ಪ್ರತಿ ವಾಹ್‌ಗೂ ಗಂಗಾಧರಯ್ಯನವರು ಹಿಂದೆ ತಿರುಗಿ "ಛೆ" ಎನ್ನುತ್ತಿದ್ದರು.

ಉದ್ದನೆಯ ಬಿಳಿ ಕಾರು ಮಂಡಿ ಬೀದಿಗೆ ತಿರುಗಿದ್ದೇ ತಡ, ಯಜಮಾನರು ಕಾರು ಕೊಂಡೇ ತಂದರೆಂದು ಬೀದಿಗೆ ಬೀದಿಯೇ ಎದ್ದು ಬಂತು. ಎದುರು ಮನೆಯ ಪೆದ್ದಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಹಮಾಲಿಗಳು ಚಂದಾ ಎತ್ತಿ ತಂದ ಆಳುದ್ದದ ಹೂವಿನ ಹಾರವನ್ನು ಕಾರಿನ ಮೂತಿಗೆ ಹಾಕಿದರು. ಯಾರೋ ಬಾನೆಟ್ಟಿಗೆ ಕುಂಕುಮ ಬಳಿದರು, ಇನ್ಯಾರೋ ಕಾಯಿ ಒಡೆದರು. ಗಂಗಾಧರಯ್ಯನವರು ಬೇಡ ಬೇಡವೆಂದು ಕೈ ಆಡಿಸಿದರು, ಯಾರೂ ನೋಡಲಿಲ್ಲ. ಕಾಡಸಿದ್ದಪ್ಪನವರ ಕಣ್ಣು ಒದ್ದೆಯಾಯಿತು.

"ಮೊದಲ ಸಲ ಬಂದವನಿಗೆ ಇಂಥ ಸತ್ಕಾರ," ಎಂದು ಗದ್ಗದಿತರಾದರು. "ಇದರ ಋಣ ನಾನು ಹೇಗೆ ತೀರಿಸಲಿ, ತಾಯಿ?"

ರಾಜಲಕ್ಷ್ಮಮ್ಮನವರು ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಋಣ ಏನು ಬಂತು ಮೇಷ್ಟ್ರೇ. ನಾಳೆ ಹುಲಿಕುಂಟೇಲಿ ನಮ್ಮಣ್ಣನ ಮಗಳ ಮದ್ವೆ. ನೀವಿಬ್ರೂ ಬರಲೇಬೇಕು."

"ಬರುತ್ತೇವೆ. ಬರುವುದೇನು, ನಾನೇ ಬೆಳಿಗ್ಗೆ ಗಾಡಿ ತಂದು ನಿಮ್ಮನ್ನೆಲ್ಲ ಕರೆದುಕೊಂಡು ಹೋಗುತ್ತೇನೆ."

ಅವರು ಹಾರ ಹಾಕಿದ ಕಾರಿನಲ್ಲಿ ಶಿರಾ ಕಡೆ ಹೊರಟುಹೋದ ಮೇಲೆ ರಾಜಲಕ್ಷ್ಮಮ್ಮನವರು ಹೊಸ್ತಿಲ ಮೇಲೆ ಕೂತು ಬೆರಳು ಮಡಿಸುತ್ತಾ ಗಟ್ಟಿಯಾಗಿ ಲೆಕ್ಕ ಹಾಕಿದರು. "ಮುಂದೆ ಮೇಷ್ಟ್ರು ದಂಪತಿಗಳು, ನಾನು. ಮಧ್ಯದಲ್ಲಿ ಅತ್ತೆಮ್ಮ, ಐದು ಮಕ್ಕಳು. ಹಿಂದೆ ಪೆದ್ದಮ್ಮ, ಉಡುಗೊರೆ ಪಾತ್ರೆ, ಸೀರೆ ಪೆಟ್ಟಿಗೆ, ಎರಡು ಹಲಸಿನಹಣ್ಣು."

"ನಾನು?" ಎಂದರು ಗಂಗಾಧರಯ್ಯನವರು.

"ನಿಮ್ಮನ್ನ ಅಂಥಾ ಗಾಡೀಲಿ ಕೂರಿಸೋಕೆ ನಂಗೆ ಧೈರ್ಯ ಇಲ್ಲ ಬುಡಿ," ಎಂದು ರಾಜಲಕ್ಷ್ಮಮ್ಮ ಎದ್ದರು. "ಇಪ್ಪತ್ತೊಂದು ಐಬು ಐತೆ. ಬೆಳಿಗ್ಗೆ ಆರೂವರೆಗೆ ಶಿರಾ ಬಸ್ಸಿದೆ, ಅಲ್ಲಿಂದ ಹುಲಿಕುಂಟೆಗೆ ಇನ್ನೊಂದು. ಉಪವಾಸ ಹೋಗ್ಬೇಡಿ, ಉಪ್ಪಿಟ್ಟು ಮಾಡಿಟ್ಟಿರ್ತೀನಿ."