ನಾನು ಕೊಡದ ದೂರಿನ ಬಗ್ಗೆ ಒಂದು ದೂರು

ಪುರಾತನ ಅರಣ್ಯದ ನಡಿಗೆಯನ್ನೂ, ನೆಲಮಾಳಿಗೆಯ ವೈನ್ ರುಚಿಯನ್ನೂ, ಮರದ ಕುಟೀರದಲ್ಲಿ ಒಂದು ರಾತ್ರಿಯ ನಿದ್ದೆಯನ್ನೂ ಒಂದೇ ಟಿಕೆಟ್ಟಿನಲ್ಲಿ ಕರುಣಿಸುವ ಪ್ರವಾಸ ಸಂಸ್ಥೆಯ ವ್ಯವಸ್ಥಾಪಕ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಕಚೇರಿಯ ಗಾಜಿನ ಬಾಗಿಲಿಗೂ, ಅಡವಿಯನ್ನು ಮಾರುವ ಆ ಕಚೇರಿಯ ಬಾಗಿಲಲ್ಲಿ ಧೂಳು ಹೊತ್ತು ನಿಂತಿರುವ ಪ್ಲಾಸ್ಟಿಕ್ ಗಿಡಕ್ಕೂ ನನ್ನ ಹೃತ್ಪೂರ್ವಕ ನಮಸ್ಕಾರಗಳು ಸಲ್ಲಲಿ.

ತಮ್ಮ ಕ್ಷಮಾಪಣೆ ನನ್ನ ಮೊಬೈಲಿಗೆ ಬಂದು ತಲುಪಿತು. ಪ್ರವಾಸದಲ್ಲಿ ಮಾರ್ಗದರ್ಶಕಿಯಿಂದ ನನಗೆ ತೊಂದರೆಯಾಯಿತೆಂದೂ, ಗ್ರಾಹಕರ ದೂರನ್ನು ದೇವರ ಮಾತಿನಂತೆ ಪರಿಗಣಿಸುವ ತಾವು ಆಕೆಯನ್ನು ತಕ್ಷಣ ಕೆಲಸದಿಂದ ತೆಗೆದಿರುವಿರೆಂದೂ, ನನ್ನ ಮುಂದಿನ ಪ್ರವಾಸಕ್ಕೆ ರಿಯಾಯಿತಿ ಇದೆಯೆಂದೂ ಅದರಲ್ಲಿ ಬರೆದಿದ್ದಿರಿ. ಕನ್ನಡಕ ಹಾಕಿಕೊಂಡು ಓದಿದೆ, ಒರೆಸಿ ಹಾಕಿಕೊಂಡು ಮತ್ತೆ ಓದಿದೆ. ಮಾನ್ಯರೇ, ನಾನು ದೂರು ಕೊಟ್ಟೇ ಇರಲಿಲ್ಲ.

ಹೊಲಿಗೆ ಯಂತ್ರದ ಮುಂದೆ ಆಯುಷ್ಯ ಕಳೆದ ಗಾರ್ಮೆಂಟ್ಸ್ ಕಾರ್ಮಿಕೆ ನಾನು. ಜೊತೆಗೆ ಅಲ್ಲಿನ ಸಂಘದ ಕಾರ್ಯದರ್ಶಿ. ಕಕ್ಕಸಿಗೆ ಬಾಗಿಲಿಲ್ಲ, ಕುಡಿಯಲು ನೀರಿಲ್ಲ, ಬಸುರಿಗೆ ಕೂರಲು ಸ್ಟೂಲಿಲ್ಲ ಎಂದು ಎಷ್ಟು ದೂರು ಬರೆದೆವೋ ಲೆಕ್ಕವಿಲ್ಲ, ಅವೆಲ್ಲ ಯಾವ ಕಸದ ಬುಟ್ಟಿಗೆ ಹೋದವೋ ಅದೂ ಗೊತ್ತಿಲ್ಲ. ಕೊಟ್ಟ ದೂರನ್ನೇ ಕೇಳದ ಮಾಲೀಕರನ್ನು ಕಂಡು ಬೇಸತ್ತ ಜೀವಕ್ಕೆ, ಕೊಡದ ದೂರನ್ನೂ ಕೇಳಿಸಿಕೊಂಡು, ನಂಬಿ, ತನಿಖೆ ನಡೆಸಿ, ತೀರ್ಪು ಕೊಟ್ಟು, ಶಿಕ್ಷೆಯನ್ನೂ ಜಾರಿ ಮಾಡಿದ ತಮ್ಮಂಥ ಮಹಾನುಭಾವರು ಸಿಕ್ಕಿದ್ದು ನನ್ನ ಪೂರ್ವಜನ್ಮದ ಪುಣ್ಯವಲ್ಲದೆ ಮತ್ತೇನು? ತಮ್ಮ ಕಿವಿಗಳನ್ನು ನಮ್ಮ ಕಾರ್ಖಾನೆಗೆ ಸ್ವಲ್ಪ ದಿನ ಎರವಲು ಕೊಡಬಹುದೇ ಎಂದು ಈ ಮೂಲಕ ವಿನಂತಿಸಿಕೊಳ್ಳುತ್ತೇನೆ.

ನಡೆದದ್ದೇನೆಂಬುದನ್ನು ತಮ್ಮ ಅವಗಾಹನೆಗೆ ತರುವುದು ಈಗ ನನ್ನ ಕರ್ತವ್ಯ. ರಕ್ತದೊತ್ತಡ ಹೀಗೇ ಏರಿದರೆ ಕ್ರಾಂತಿಗೆ ಮುಂಚೆ ನೀವೇ ಹೋಗುತ್ತೀರಿ ಎಂದು ಡಾಕ್ಟರು ಹೆದರಿಸಿದ್ದರಿಂದ, ಎರಡು ದಿನವಾದರೂ ನಾನು ಯಾರ ಮೇಲೂ ಕೂಗಾಡದಿರಲಿ ಎಂದು ಸಂಘದ ಗೆಳತಿಯರು ಚಂದಾ ಎತ್ತಿ ನನ್ನನ್ನೂ ನಮ್ಮ ಮನೆಯವರನ್ನೂ ತಮ್ಮ ಪ್ರವಾಸಕ್ಕೆ ಕಳಿಸಿದರು. ಯಜಮಾನರು ಎನ್ನದೆ ಮನೆಯವರು ಎನ್ನುತ್ತಿದ್ದೇನೆ, ಕ್ಷಮಿಸಿ. ಯಜಮಾನರ ವಿರುದ್ಧ ಹೋರಾಡಿಯೇ ತಲೆ ನೆರೆತಿರುವುದರಿಂದ ಆ ಶಬ್ದ ಬಾಯಿಗೆ ಬರುವುದಿಲ್ಲ. ಅವರು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ನಮ್ಮ ಜೊತೆಗೆ ವ್ಯಾನಿನಲ್ಲಿ ಇದ್ದವರು ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಬ್ಯಾಂಕ್ ಅಧಿಕಾರಿಣಿ, ಮತ್ತು ಆಕೆಯ ಅತ್ತೆ. ಅತ್ತೆ ಸೊಸೆ ಇಬ್ಬರೂ ವ್ಯಾನಿನ ಎರಡು ಕಿಟಕಿಗಳಿಂದ ಎರಡು ಬೇರೆ ಬೇರೆ ದೇಶಗಳನ್ನು ನೋಡುತ್ತ ಬಂದರು.

ಕಾಡಿನೊಳಗೆ ತಮ್ಮ ಮಾರ್ಗದರ್ಶಕಿ ನಮ್ಮನ್ನು ಒಂದು ಹೆಮ್ಮರದ ಬುಡಕ್ಕೆ ಕರೆದೊಯ್ದಳು. ಈ ಮರ ಈವರೆಗೆ ಬಂದ ಎಲ್ಲ ಸರ್ಕಾರಗಳಿಗಿಂತ ಹಳೆಯದು ಎಂದಾಗಲೇ ನನಗೆ ಆ ಹುಡುಗಿಯ ಮೇಲೂ, ಆ ಮರದ ಮೇಲೂ ಅಭಿಮಾನ ಹುಟ್ಟಿತು. ಬಳಿಕ ಅವಳು ನಮ್ಮೆಲ್ಲರನ್ನೂ ಮರದ ಸುತ್ತ ಕೈ ಕೈ ಹಿಡಿದು ನಿಲ್ಲಲು ಹೇಳಿ, ತಾನೂ ಒಂದು ಕೊಂಡಿಯಾಗಿ ಸೇರಿಕೊಂಡು, ಕಣ್ಣು ಮುಚ್ಚಿ ಸುಮ್ಮನಿರಿ ಎಂದಳು.

ಇಲ್ಲಿಯೇ ಮಾನ್ಯರೇ, ಎರಡು ಶಿಸ್ತುಗಳು ಒಂದಕ್ಕೊಂದು ಡಿಕ್ಕಿ ಹೊಡೆದದ್ದು. ತಮ್ಮ ಸಂಸ್ಥೆಯ ತರಬೇತಿಯಲ್ಲಿ, ವಿಶ್ರಮಿಸುತ್ತಿರುವ ಗ್ರಾಹಕರಿಗೆ ಸಾಕು ನಿಲ್ಲಿಸಿ ಎಂದು ಮಾರ್ಗದರ್ಶಕರು ಯಾವ ಕಾರಣಕ್ಕೂ ಹೇಳಕೂಡದು, ಅವರಾಗಿಯೇ ಕೈ ಬಿಡುವವರೆಗೆ ಕಾಯಬೇಕು ಎಂದು ಕಲಿಸಿದ್ದೀರಂತೆ. ನಮ್ಮ ಸಂಘದ ತರಬೇತಿಯಲ್ಲಿ, ಮಾನವ ಸರಪಳಿ ಕಟ್ಟಿಸಿದವರು ಮುಗಿಯಿತೆಂದು ಘೋಷಿಸುವವರೆಗೆ ಪ್ರಾಣ ಹೋದರೂ ಕೈ ಬಿಡಬಾರದೆಂದು ಕಲಿಸಿದ್ದಾರೆ. ಅವಳು ನಾನು ಬಿಡಲಿ ಎಂದು ಕಾದಳು. ನಾನು ಅವಳು ಘೋಷಿಸಲಿ ಎಂದು ಕಾದೆ. ನಡುವೆ ಸಿಕ್ಕಿಕೊಂಡ ಹಲ್ಲಿನ ಡಾಕ್ಟರು ಒಂದೆರಡು ಸಲ ಬೆರಳು ಬಿಡಿಸಿಕೊಳ್ಳಲು ನೋಡಿದರಂತೆ. ಲಾಠಿ ಹಿಡಿದವರಿಂದಲೇ ಬಿಡಿಸಲಾಗದ ಕೈ ಅದು, ಪಾಪ, ಹಲ್ಲು ಕೀಳುವವರ ಕೈಲಿ ಏನಾದೀತು? ಕೊನೆಗೆ ಅವರು ನಿಂತಲ್ಲೇ ಮರಕ್ಕೊರಗಿ ಗೊರಕೆ ಹೊಡೆಯತೊಡಗಿದರು. ನಮ್ಮ ಮನೆಯವರು ಇದನ್ನು ಪ್ಯಾಕೇಜಿನ ಭಾಗವೆಂದು ತಿಳಿದು ಮನಸ್ಸಿನಲ್ಲೇ ಯಾವುದೋ ಕರಡು ತಿದ್ದುತ್ತ ನಿಂತಿದ್ದರು. ಬಿಸಿಲು ಎಲೆಗಳಿಂದ ಇಳಿದು ಕಾಂಡಕ್ಕೆ, ಕಾಂಡದಿಂದ ಬೇರಿಗೆ ಬಂತು. ಯಾರೂ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲದ ಅಷ್ಟು ಹೊತ್ತು ನನ್ನ ಜನ್ಮದಲ್ಲಿ ಅದೇ ಮೊದಲು.

ಈ ಐತಿಹಾಸಿಕ ಸತ್ಯಾಗ್ರಹವನ್ನು ಮುರಿದವರು ಅತ್ತೆ. ಸೊಸೆಯ ಕೈಯನ್ನು ಬಿಡದೆಯೇ ಅವರು ಹೇಳಿದ್ದು ಇಷ್ಟು: "ಅಲ್ಲಮ್ಮಾ, ನಾವು ಬಿಟ್ರೆ ಮರ ಏನು ಓಡಿಹೋಗುತ್ತಾ? ಮೊಣಕಾಲು ಸತ್ತುಹೋಯ್ತು. ಹಿಡ್ಕೊಳ್ಳೋದೇ ಆದ್ರೆ ಕೂತ್ಕೊಂಡು ಹಿಡ್ಕೊಳ್ಳೋಣ."

ನಾವು ನಕ್ಕ ನಗೆಗೆ ಡಾಕ್ಟರು ಬೆಚ್ಚಿ ಎದ್ದರು. ಆದರೆ ಅಷ್ಟರಲ್ಲಿ ಸೂರ್ಯ, ತಮ್ಮ ಕಚೇರಿಯ ಲಿಖಿತ ಅನುಮತಿ ಪಡೆಯದೆ, ಮುಳುಗಿಬಿಟ್ಟಿದ್ದ. ದ್ರಾಕ್ಷಿ ತೋಟದ ಬಾಗಿಲಲ್ಲಿರುವ ತಮ್ಮ ಅಂಗಡಿ, ಅಂದರೆ ಅರಣ್ಯದ ಪರಿಮಳದ ಮೇಣದ ಬತ್ತಿ, ಅರಣ್ಯದ ಚಿತ್ರದ ದಿಂಬು, ಅರಣ್ಯದ ಮೌನವನ್ನು ತುಂಬಿದ್ದೆಂದು ಹೇಳಲಾಗುವ ಬಿರಡೆ ಹಾಕಿದ ಖಾಲಿ ಸೀಸೆ ಇವನ್ನೆಲ್ಲ ಮಾರುವ ಆ ಮಹಾಮಳಿಗೆ, ಮುಚ್ಚಿಹೋಗಿತ್ತು. ನಾವು ಐದು ಮಂದಿ ಏನನ್ನೂ ಕೊಳ್ಳದೆ ನೇರವಾಗಿ ನೆಲಮಾಳಿಗೆಗೆ ಇಳಿದೆವು. ತಮ್ಮ ಸಂದೇಶದಲ್ಲಿ ಹೇಳಿದ ನನ್ನ ತೊಂದರೆ ಇದೇ ಎಂದು ನನಗೆ ಈಗ ಅರ್ಥವಾಗಿದೆ. ಖಾಲಿ ಸೀಸೆ ಕೊಳ್ಳಲಾಗದ ನೋವು ನನಗೆ ತಿಳಿಯುವ ಮೊದಲೇ ತಮಗೆ ತಿಳಿಯಿತಲ್ಲ, ಆ ಸೂಕ್ಷ್ಮ ಸಂವೇದನೆಗೆ ಶರಣು.

ನೆಲಮಾಳಿಗೆಯ ಪೀಪಾಯಿಗಳ ನಡುವೆ ಅವಳು ನಮಗೆ ವೈನ್ ಹೀರಿ, ಬಾಯಲ್ಲಿ ಆಡಿಸಿ, ಬೇಕಿದ್ದರೆ ಬಕೆಟ್ಟಿಗೆ ಉಗಿಯುವುದನ್ನು ಕಲಿಸಿದಳು. ನಾನು ಮಾಲೀಕರನ್ನಲ್ಲದೆ ಬೇರೇನನ್ನೂ ಉಗಿದವಳಲ್ಲ. ಯಾರೋ ಬೆನ್ನು ಬಗ್ಗಿಸಿ ಕೊಯ್ದ ಹಣ್ಣನ್ನು ಉಗಿಯಲಾರೆ ಎಂದು ಹೇಳಿ ನುಂಗಿದೆ. ಅವಳು ಒತ್ತಾಯಿಸಲಿಲ್ಲ, ಬಕೆಟ್ಟನ್ನು ಕಾಲಿನಿಂದ ಅತ್ತ ಸರಿಸಿದಳು. ವಾಸನೆ ಏನು ಬರುತ್ತಿದೆ ಎಂದು ಕೇಳಿದ್ದಕ್ಕೆ ನಮ್ಮ ಮನೆಯವರು ಲೋಟದಲ್ಲಿ ಮೂಗಿಟ್ಟು ಬಹಳ ಹೊತ್ತು ಧ್ಯಾನಿಸಿ, ಒದ್ದೆಯಾದ ಹಳೆಯ ಪತ್ರಿಕೆಯದು ಎಂದರು, ಅದನ್ನೂ ತಪ್ಪೆನ್ನದೆ ಒಪ್ಪಿಕೊಂಡಳು. ಕೆಮ್ಮಿನ ಔಷಧಿಯೇ ಇದಕ್ಕಿಂತ ವಾಸಿ ಎಂದ ಅತ್ತೆ ಇನ್ನೂ ಸ್ವಲ್ಪ ಹಾಕಿಸಿಕೊಂಡರು. ಸೊಸೆ ತನ್ನ ಲೋಟದಲ್ಲಿದ್ದುದನ್ನೂ ಅವರಿಗೇ ಬಗ್ಗಿಸಿದಳು. ವಾಪಸಾಗುವಾಗ ವ್ಯಾನಿನಲ್ಲಿ ಇಬ್ಬರೂ ಒಂದೇ ಕಿಟಕಿಯ ಬಳಿ ಕೂತಿದ್ದರು. ಊರಿಗೆ ಮರಳಿ ತೋರಿಸಿಕೊಂಡಾಗ ನನ್ನ ರಕ್ತದೊತ್ತಡ ಇಳಿದಿತ್ತು. ನನ್ನನ್ನು ಹೆದರಿಸಿದ್ದ ಡಾಕ್ಟರು ಯಂತ್ರ ಕೆಟ್ಟಿದೆಯೆಂದು ಬೇರೆ ಯಂತ್ರ ತರಿಸಿದರು.

ಇಷ್ಟು ಉಪಕಾರ ಮಾಡಿದವಳನ್ನು ತಾವು ನನ್ನ ಹೆಸರಿನಲ್ಲಿ ಬೀದಿಗೆ ತಳ್ಳಿದ್ದೀರಿ. ಕಾಡಿನ ಗೇಟಿನ ಬಳಿ ತಾವು ಕೊಟ್ಟ ಒಂದು ಕೋಣೆಯಲ್ಲಿ ಅವಳೂ ಅವಳ ತಾಯಿಯೂ ಇದ್ದಾರೆ. ಕೆಲಸ ಹೋದದ್ದರಿಂದ ಈ ತಿಂಗಳ ಕೊನೆಗೆ ಆ ಕೋಣೆಯೂ ಹೋಗುತ್ತದೆ. ನಾನು ಫೋನು ಮಾಡಿದಾಗ ಅವಳು ಅಳಲಿಲ್ಲ, ಜಗಳವಾಡಲಿಲ್ಲ. "ಅಕ್ಕಾ, ನನ್ನಿಂದ ಏನು ತಪ್ಪಾಯ್ತು ಅಂತ ನನಗೇ ಹೇಳಿದ್ರೆ ಆಗ್ತಿತ್ತಲ್ಲ" ಎಂದಳು, ಅಷ್ಟೇ.

ಮಾನ್ಯರೇ, ಮಾಲೀಕರು ನನ್ನನ್ನು ಏನೇನೋ ಅಂದಿದ್ದಾರೆ, ನಾನು ಎಲೆ ಅಡಿಕೆ ಹಾಕಿಕೊಂಡಂತೆ ಅಗಿದು ಬಿಟ್ಟಿದ್ದೇನೆ. ಆದರೆ ದುಡಿಯುವ ಹೆಣ್ಣುಮಗಳೊಬ್ಬಳು ನನ್ನನ್ನು ಮಾಲೀಕರ ಕಡೆಯವಳೆಂದು ತಿಳಿದದ್ದು ಇದೇ ಮೊದಲು. ಈ ಗೌರವವನ್ನು ನನಗೆ ದೊರಕಿಸಿದ ತಮ್ಮನ್ನು ಕಣ್ತುಂಬ ನೋಡಲೆಂದು ಕಚೇರಿಗೆ ಬಂದಿದ್ದೆ. ಮನಶ್ಶಾಂತಿಯ ಕಾರ್ಯಾಗಾರಕ್ಕೆ ಹೋಗಿದ್ದೀರೆಂದು ಸ್ವಾಗತದ ಮೇಜಿನವರು ತಿಳಿಸಿದರು. ಆ ಶಾಂತಿಗೆ ಭಂಗ ಬಾರದಿರಲೆಂದು ಪತ್ರದ ಮೊರೆ ಹೋಗಿದ್ದೇನೆ.

ತಾವು ನ್ಯಾಯದಲ್ಲಿ ಪಕ್ಷಪಾತ ಮಾಡುವವರಲ್ಲ. ಆದ್ದರಿಂದ ಉಳಿದ ಆರೋಪಿಗಳನ್ನೂ ಬಿಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಷ್ಟು ದಪ್ಪ ಬೆಳೆದು ಆರು ಜನರ ಕೈಗಳನ್ನು ಬೇಡಿದ ಆ ಮರಕ್ಕೆ ನೋಟಿಸು ಕೊಡಿ. ಅದು ಉತ್ತರಿಸದಿದ್ದರೆ, ಉದ್ಧಟತನವೆಂದು ಇನ್ನೊಂದು ಕಲಮು ಸೇರಿಸಿ. ಸೂರ್ಯನ ಒಂದು ದಿನದ ಸಂಬಳ ಕತ್ತರಿಸಿ. ಅತ್ತೆಯ ಮೊಣಕಾಲುಗಳು ಇನ್ನೂ ಮುಂಚೆ ಏಕೆ ನೋಯಲಿಲ್ಲವೆಂದು ವಿಚಾರಣಾ ಸಮಿತಿ ರಚಿಸಿ. ತಮ್ಮ ಸಂದೇಶ ಓದಿದ ದಿನ ಮತ್ತೆ ಏರಿದ ನನ್ನ ರಕ್ತದೊತ್ತಡವನ್ನು ಆ ಸಂಜೆ ಎಲ್ಲಿತ್ತೋ ಅಲ್ಲಿಗೆ ಇಳಿಸಿ, ರಸೀದಿ ಸಮೇತ ಮನೆಗೆ ತಲುಪಿಸಿ.

ಇವೆಲ್ಲ ಕಷ್ಟವೆನಿಸಿದರೆ ಸುಲಭದ್ದೊಂದಿದೆ. ನಾನು ಕೊಡದ ದೂರನ್ನು ನಾನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ಅವಳನ್ನು ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ, ಕೋಣೆಯ ತಂಟೆಗೆ ಹೋಗಬೇಡಿ, ಆ ಸುಳ್ಳು ನಿಮ್ಮದೆಂದು ಅವಳಿಗೆ ಬರೆದು ಕೊಡಿ. ಹಲ್ಲಿನ ಡಾಕ್ಟರು, ಬ್ಯಾಂಕಿನಾಕೆ, ಅತ್ತೆ, ನಮ್ಮ ಮನೆಯವರು ಎಲ್ಲರೂ ಇದರ ಕೆಳಗೆ ಸಹಿ ಹಾಕಿದ್ದಾರೆ. ಮನೆಯವರು ಸಹಿ ಹಾಕುವ ಮುನ್ನ 'ವಿನಂತಿ' ಎಂದಿದ್ದಲ್ಲೆಲ್ಲ ಹೊಡೆದುಹಾಕಿ 'ಆಗ್ರಹ' ಎಂದು ತಿದ್ದಿದ್ದರು. ಸೌಜನ್ಯ ಕೆಡದಿರಲೆಂದು ನಾನೇ ಮತ್ತೆ ಮೊದಲಿನಂತೆ ಬರೆದೆ. ತಾವು ಮಾತ್ರ ಅವರು ತಿದ್ದಿದಂತೆಯೇ ಓದಿಕೊಳ್ಳಬೇಕು.

ಕೊಡದ ದೂರಿನಲ್ಲೂ ಕೊಟ್ಟ ದೂರಿನಲ್ಲೂ ಸದಾ

ತಮ್ಮ ವಿಶ್ವಾಸಿ,
ಹೊಲಿಗೆ ಕಾರ್ಮಿಕರ ಸಂಘದ ಕಾರ್ಯದರ್ಶಿ

ಮರೆತ ಮಾತು: ಈ ಪತ್ರವನ್ನು ತಮ್ಮ ಮೇಜಿನ ಮೇಲೆ ತಂದಿಟ್ಟವರು ತಮ್ಮದೇ ವ್ಯಾನಿನ ಚಾಲಕರು. ಅವರು ಇನ್ನೂ ಹೋಗಿಲ್ಲ, ಬಾಗಿಲ ಹೊರಗೇ ಇದ್ದಾರೆ. ತಮ್ಮ ಉಳಿದ ಮಾರ್ಗದರ್ಶಕರೂ ಅವರ ಜೊತೆಗಿದ್ದಾರೆ. ಈ ಶನಿವಾರದ ಪ್ರವಾಸಿಗರು ಬ್ಯಾಗು ಹಿಡಿದು ಬಂದಾಗ ತಾವು ಗಾಬರಿಯಾಗಬಾರದು. ವ್ಯಾನಿನ ಬೀಗದ ಕೈ ಚಾಲಕರ ಜೇಬಿನಲ್ಲಿ ಭದ್ರವಾಗಿದೆ, ಮತ್ತು ಅವರೆಲ್ಲರೂ, ವಿಶ್ರಮಿಸುವವರಿಗೆ ಸಾಕು ನಿಲ್ಲಿಸಿ ಎನ್ನಕೂಡದೆಂದು ತಾವು ಕಲಿಸಿಕೊಟ್ಟಂತೆಯೇ, ಅತ್ಯಂತ ಆರಾಮವಾಗಿ ಕೂತಿದ್ದಾರೆ.